ಹಗೆಯ ನೆಲ ನಡುಗಿದಾಗ

ಕನ್ನಡದಲ್ಲಿ ‘ಪಾಪ’ ಎಂಬ ಮಾತಿಗೆ ಎರಡು ಮುಖಗಳಿವೆ. ಮಾಡಬಾರದ್ದನ್ನು ಮಾಡಿದರೆ ಅದು ಪಾಪ. ಆಗಬಾರದ್ದು ಆದರೆ ‘ಅಯ್ಯೋ ಪಾಪ’. ತೀರ್ಪೂ ಕನಿಕರವೂ ಒಂದೇ ಪದದಲ್ಲಿ ಹೇಗೆ ಒಟ್ಟಿಗೆ ಸಂಸಾರ ಹೂಡಿದವು ಎಂಬುದಕ್ಕೆ ಭಾಷಾಶಾಸ್ತ್ರಜ್ಞರು ತಮ್ಮದೇ ವಿವರಣೆ ಕೊಟ್ಟಾರು. ನನಗಂತೂ ಇದು ಮನಸ್ಸಿನ ಒಂದು ನಿಜವಾದ ಸ್ಥಿತಿಯ ಗುರುತಾಗಿ ಕಾಣುತ್ತದೆ. ನಮಗಾಗದವರ ಊರು ನೆರೆಯಲ್ಲಿ ಕೊಚ್ಚಿಹೋಯಿತು, ಭೂಕಂಪದಲ್ಲಿ ಕುಸಿಯಿತು ಎಂಬ ಸುದ್ದಿ ಬಂದಾಗ ಮೊದಲು ಬಾಯಿಗೆ ಬರುವುದು ‘ಅಯ್ಯೋ ಪಾಪ’. ಅದರ ಬೆನ್ನಿಗೇ, ಯಾರೂ ಕರೆಯದಿದ್ದರೂ, ‘ಆದರೂ ಅವರು ಮಾಡಿದ್ದೇನು ಕಡಮೆಯೆ?’ ಎಂಬ ಮತ್ತೊಂದು ದನಿ ಏಳುತ್ತದೆ. ಅದನ್ನು ಬಾಯಿಬಿಟ್ಟು ಹೇಳುವವರು ಕೆಲವರು. ಒಳಗೇ ಕೇಳಿಸಿಕೊಳ್ಳುವವರು ಹಲವರು. ಈ ಎರಡನೆಯ ದನಿಯನ್ನು ಕುರಿತು ಇಂದು ಸ್ವಲ್ಪ ವಿಚಾರ ಮಾಡೋಣ. ಅದಕ್ಕಾಗಿ ದೂರದ ನಿದರ್ಶನವೊಂದನ್ನು ತೆಗೆದುಕೊಂಡಿದ್ದೇನೆ. ಹತ್ತಿರದ್ದಾದರೆ ನಾವೇ ಕಕ್ಷಿಗಾರರಾಗಿಬಿಡುತ್ತೇವೆ.

1999ನೆಯ ಆಗಸ್ಟ್ 17ರಂದು ನಡುರಾತ್ರಿ ಕಳೆದು ಮೂರು ಗಂಟೆಯ ವೇಳೆಗೆ ತುರ್ಕಿಯ ವಾಯವ್ಯದಲ್ಲಿರುವ ಇಜ್ಮಿತ್ ನಗರದ ಸುತ್ತಿನ ನೆಲ ನಡುಗಿತು. ಆ ದೇಶದ ಉತ್ತರ ಭಾಗದ ಉದ್ದಕ್ಕೂ ಹಾಯ್ದಿರುವ ಸ್ತರಭಂಗವೊಂದು ಸರಿದದ್ದು ಅದಕ್ಕೆ ಕಾರಣ. ಇಡೀ ವ್ಯಾಪಾರ ಒಂದು ನಿಮಿಷವನ್ನೂ ಹಿಡಿಯಲಿಲ್ಲ. ಸರ್ಕಾರದ ಲೆಕ್ಕದಂತೆಯೇ 17,000ಕ್ಕೂ ಹೆಚ್ಚು ಜನ ಸತ್ತರು. ಲಾಭದ ಆಸೆಗೆ ಸಡಿಲವಾಗಿ ಕಟ್ಟಿದ ಮಹಡಿಗಳು ನಿದ್ದೆಯಲ್ಲಿದ್ದವರ ಮೇಲೆ ಒಂದರ ಮೇಲೊಂದು ಕುಳಿತುಬಿಟ್ಟಿದ್ದವು.

ಈ ತುರ್ಕಿಗೆ ಪಶ್ಚಿಮದ ನೆರೆಯೆಂದರೆ ಗ್ರೀಸ್. ನೆರೆ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. 1922ರಲ್ಲಿ ಗ್ರೀಕ್ ಸೈನ್ಯ ಸೋತು ಹಿಂದೆಗೆದಾಗ ಸ್ಮರ್ನಾ ನಗರ ಬೆಂಕಿಗೆ ತುತ್ತಾಯಿತು. ಮರುವರ್ಷದ ಒಪ್ಪಂದದ ಮೇರೆಗೆ ಸುಮಾರು 12 ಲಕ್ಷ ಕ್ರೈಸ್ತರು ತುರ್ಕಿಯಿಂದ ಗ್ರೀಸಿಗೂ, ಸುಮಾರು 4 ಲಕ್ಷ ಮುಸಲ್ಮಾನರು ಗ್ರೀಸಿನಿಂದ ತುರ್ಕಿಗೂ ಕಳಿಸಲ್ಪಟ್ಟರು. ಅಥೆನ್ಸ್ ನಗರಕ್ಕೆ ಸೇರಿದಂತೆ ‘ನೆಯಾ ಸ್ಮಿರ್ನಿ’, ಎಂದರೆ ಹೊಸ ಸ್ಮರ್ನಾ, ಎಂಬ ಬಡಾವಣೆ ಇಂದಿಗೂ ಇದೆ. ಅಂಥ ನಿರಾಶ್ರಿತರು ಕಟ್ಟಿಕೊಂಡದ್ದು ಅದು. 1974ರಲ್ಲಿ ಸೈಪ್ರಸ್ ದ್ವೀಪ ಎರಡಾಯಿತು. 1996ರಲ್ಲಿ ಜನವಸತಿಯೇ ಇಲ್ಲದ ಎರಡು ಬಂಡೆಗಳಿಗಾಗಿ ಯುದ್ಧ ಹತ್ತಿಕೊಳ್ಳುವುದರಲ್ಲಿತ್ತು. ಭೂಕಂಪಕ್ಕೆ ಆರು ತಿಂಗಳ ಹಿಂದಷ್ಟೇ, ತುರ್ಕಿ ಹುಡುಕುತ್ತಿದ್ದ ಕುರ್ದ್ ನಾಯಕ ಒಜಲಾನ್ ಕೀನ್ಯಾದ ಗ್ರೀಕ್ ದೂತಾವಾಸದಲ್ಲಿ ಅಡಗಿದ್ದುದು ಬಯಲಾಗಿತ್ತು.

ಇಷ್ಟು ಹಗೆ ತುಂಬಿದ ಗ್ರೀಸ್, ತುರ್ಕಿಗೆ ಮೊದಲು ಧಾವಿಸಿದ ದೇಶಗಳಲ್ಲಿ ಒಂದು. ರಕ್ಷಣಾ ತಂಡ, ವೈದ್ಯರು, ಬೆಂಕಿ ಆರಿಸುವ ವಿಮಾನಗಳು ಹೋದವು. ಸಾಮಾನ್ಯ ಜನ ರಕ್ತ ಕೊಡಲು ಮುಂದೆ ಬಂದರು. ಮೂರು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 7ರ ಮಧ್ಯಾಹ್ನ ಅಥೆನ್ಸ್ ನಗರವೇ ನಡುಗಿತು. 143 ಮಂದಿ ಸತ್ತರು. ಈ ಸಲ ಅವಶೇಷಗಳನ್ನು ಬಗೆಯಲು ತುರ್ಕಿಯಿಂದ ಜನ ಬಂದರು. ಇಜ್ಮಿತ್‌ನ ಧೂಳನ್ನು ಇನ್ನೂ ಕೊಡವಿಕೊಂಡಿರದಿದ್ದ ಜನ.

ಇಷ್ಟನ್ನು ಹೇಳಿ ‘ಮಾನವೀಯತೆ ಗೆದ್ದಿತು’ ಎಂದು ಮುಗಿಸುವುದು ಸುಲಭ. ಆಗಿನ ಪತ್ರಿಕೆಗಳು ಹೆಚ್ಚುಕಡಮೆ ಹಾಗೆಯೇ ಮುಗಿಸಿದುವು. ಆದರೆ ರಕ್ತ ಕೊಡಲು ಸಾಲುನಿಂತ ಗ್ರೀಕನೊಬ್ಬನ ತಾತ ಸ್ಮರ್ನಾದಿಂದ ಉಟ್ಟಬಟ್ಟೆಯಲ್ಲಿ ಓಡಿಬಂದವನಾಗಿದ್ದರೆ? ಅವನ ಮನಸ್ಸಿನಲ್ಲಿ ‘ಆದರೂ’ ಎಂಬುದು ಏಳಲೇ ಇಲ್ಲವೆ? ಎದ್ದಿದ್ದರೆ ಅವನು ಕೊಟ್ಟ ರಕ್ತ ಕಳಪೆಯಾಯಿತೆ?

ಪರರ ಕೇಡಿಗೆ ಹಿಗ್ಗುವುದಕ್ಕೆ ಗ್ರೀಕರಲ್ಲಿ ಒಂದು ಹೆಸರೇ ಉಂಟು. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಅದನ್ನು, ಹೆಸರಿನಲ್ಲಿಯೇ ಕೆಡುಕು ಸೇರಿಕೊಂಡಿರುವ ಭಾವಗಳ ಪಟ್ಟಿಗೆ ಹಾಕಿದ್ದಾನೆ. ಆದರೆ ಅರಿಸ್ಟಾಟಲನಿಗಿಂತ ಬಹಳ ಹಿಂದೆಯೇ ಅವರ ರಂಗಭೂಮಿ ಈ ವಿಷಯದಲ್ಲಿ ಹೆಚ್ಚು ಆಳಕ್ಕೆ ಇಳಿದಿತ್ತು. ಬಿ. ಎಂ. ಶ್ರೀಕಂಠಯ್ಯನವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ಈಸ್ಕಿಲಸನ ನಾಟಕವನ್ನು ತಮ್ಮಲ್ಲಿ ಕೆಲವರು ಓದಿರಬಹುದು. ಕ್ರಿ. ಪೂ. 480ರಲ್ಲಿ ಪಾರಸಿಕರ ಅರಸ ಕ್ಸೆರ್ಕ್ಸಿಸ್ ಅಥೆನ್ಸ್ ನಗರವನ್ನು ಸುಟ್ಟ. ಅದೇ ವರ್ಷ ಸಾಲಮಿಸ್ ಸಮುದ್ರದಲ್ಲಿ ಅವನ ನೌಕಾಬಲ ನುಚ್ಚುನೂರಾಯಿತು. ಎಂಟು ವರ್ಷಗಳ ಮೇಲೆ ಅದೇ ಅಥೆನ್ಸಿನಲ್ಲಿ ಈ ನಾಟಕವಾಯಿತು. ಕವಿ ತಾನೇ ಮ್ಯಾರಥಾನಿನಲ್ಲಿ ಪಾರಸಿಕರ ವಿರುದ್ಧ ಕಾದಿದವನು. ಅವನ ತಮ್ಮನೋ ಅಣ್ಣನೋ, ಒಡಹುಟ್ಟಿದವನೊಬ್ಬ ಅಲ್ಲಿಯೇ ಮಡಿದಿದ್ದ. ಇಂಥವನು ಬರೆದ ನಾಟಕ ನಡೆಯುವುದು ಶತ್ರುವಿನ ಅರಮನೆಯಲ್ಲಿ. ಅಳುವವರು ಶತ್ರುವಿನ ತಾಯಿ, ಶತ್ರುವಿನ ಮುದುಕರು. ಗೆದ್ದ ಗ್ರೀಕ್ ವೀರರಲ್ಲಿ ಒಬ್ಬನ ಹೆಸರೂ ಅದರಲ್ಲಿ ಬರುವುದಿಲ್ಲ.

ಇದು ಹಗೆಯವರಿಗಾಗಿ ಮಿಡಿದ ಕಣ್ಣೀರೋ, ಅವರ ಗೋಳನ್ನು ಕಣ್ತುಂಬ ನೋಡಿ ತಣಿಯುವ ವಿಜಯೋತ್ಸವವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಒಂದನ್ನೇ ಆರಿಸಿಕೊಳ್ಳಬೇಕೆಂದು ಅವರಿಗೆ ಯಾರು ಹೇಳಿದರೋ ನಾನರಿಯೆ. ಸುಟ್ಟ ಊರನ್ನು ಕಂಡಿದ್ದ ಆ ಪ್ರೇಕ್ಷಕರಲ್ಲಿ ಎರಡೂ ಒಟ್ಟಿಗೆ ಇದ್ದಿರಬೇಕು. ನಾಟಕದ ದೊಡ್ಡತನವೆಂದರೆ ಅದು ಹಿಗ್ಗನ್ನು ನಿಷೇಧಿಸಲಿಲ್ಲ, ಅಳುವಿಗೆ ಎಡೆಮಾಡಿಕೊಟ್ಟಿತು ಎಂಬುದು.

ನಮ್ಮ ವ್ಯಾಸರಿಗೂ ಈ ಮರ್ಮ ತಿಳಿದಿತ್ತು. ಘೋಷಯಾತ್ರೆಯ ಪ್ರಸಂಗವನ್ನು ನೆನೆಯಿರಿ. ಕಾಡಿನಲ್ಲಿ ಬಡತನದಲ್ಲಿರುವ ಪಾಂಡವರನ್ನು ಕಂಡು ಹಿಗ್ಗಲೆಂದೇ ದುರ್ಯೋಧನ ದ್ವೈತವನಕ್ಕೆ ಬರುತ್ತಾನೆ. ಗಂಧರ್ವರ ಕೈಗೆ ಸಿಕ್ಕಿ ಸೆರೆಯಾಗುತ್ತಾನೆ. ನಾವು ಕಷ್ಟಪಟ್ಟು ಮಾಡಬೇಕಾದ್ದನ್ನು ಬೇರೆಯವರೇ ಮಾಡಿಕೊಟ್ಟರಲ್ಲ ಎಂದು ಭೀಮ ಹಿಗ್ಗುತ್ತಾನೆ. ಧರ್ಮರಾಯ, ನಮ್ಮೊಳಗಿನ ಜಗಳಕ್ಕೆ ನಾವು ಐವರು, ಹೊರಗಿನವರ ಎದುರಿಗೆ ನೂರೈವರು ಎಂದು ಬಿಡಿಸಲು ಕಳಿಸುತ್ತಾನೆ. ಉಪನ್ಯಾಸಕಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಗಮನಿಸಬೇಕಾದ್ದು ಎರಡು ಸಂಗತಿ. ಬಿಡಿಸಲು ಹೋದವರಲ್ಲಿ ಆ ಭೀಮನೂ ಇದ್ದ. ಅವನ ಹಗೆ ಕರಗಿತೆಂದು ಕಥೆ ಹೇಳುವುದಿಲ್ಲ. ಗದೆ ಎತ್ತಿಕೊಂಡು ಹೊರಟನೆಂದಷ್ಟೇ ತಿಳಿಯುತ್ತದೆ. ಇನ್ನೊಂದು, ಬಿಡುಗಡೆಯಾದ ದುರ್ಯೋಧನ ಕೃತಜ್ಞನಾಗಲಿಲ್ಲ. ಹಗೆಗಳಿಂದ ಉಳಿದೆನೆಂಬ ನಾಚಿಕೆಗೆ ಅನ್ನನೀರು ಬಿಟ್ಟು ಸಾಯಲು ಕುಳಿತ.

ಕೊಡುವವನ ಮನಸ್ಸಿನಂತೆ ಪಡೆಯುವವನ ಮನಸ್ಸೂ ಕಲಕಿರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. 1999ರಲ್ಲಿ ತುರ್ಕಿಯ ಸಚಿವರೊಬ್ಬರು ಗ್ರೀಕರ ರಕ್ತ ತಮಗೆ ಬೇಡವೆಂಬ ಧಾಟಿಯಲ್ಲಿ ಮಾತನಾಡಿದರೆಂದು ವರದಿಯಾಗಿ, ಅವರ ದೇಶದವರೇ ಛೀಮಾರಿ ಹಾಕಿದರು. ಸಚಿವರ ಮಾತು ಒರಟು, ನಿಜ. ಆದರೆ ದುರ್ಯೋಧನನನ್ನು ಅರ್ಥಮಾಡಿಕೊಂಡವರಿಗೆ ಅದು ಅಪರಿಚಿತವಲ್ಲ.

ಇನ್ನು, ಆ ನೆರವಿನಿಂದ ಹಗೆ ತೀರಿತೆ? ಭೂಕಂಪಕ್ಕೆ ಮೊದಲೇ, ಆ ಬೇಸಗೆಯಲ್ಲಿಯೇ, ಇಬ್ಬರು ವಿದೇಶಾಂಗ ಸಚಿವರು, ಪಾಪಾಂಡ್ರಿಯೊ ಮತ್ತು ಜೆಮ್, ಮಾತುಕತೆ ಆರಂಭಿಸಿದ್ದರು. ಜನರ ಕನಿಕರ ಆ ಮಾತುಕತೆಗೆ ಧೈರ್ಯ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಹೆಲ್ಸಿಂಕಿಯಲ್ಲಿ, ತುರ್ಕಿ ಐರೋಪ್ಯ ಒಕ್ಕೂಟದ ಉಮೇದುವಾರನಾಗುವುದಕ್ಕೆ ಗ್ರೀಸ್ ತನ್ನ ಅಡ್ಡಿಯನ್ನು ಹಿಂತೆಗೆಯಿತು. ಇದು ಸಣ್ಣ ಫಲವಲ್ಲ. ಆದರೆ ಕಡಲ ಜಗಳ ಉಳಿಯಿತು, ಸೈಪ್ರಸ್ ಉಳಿಯಿತು. 1974ರಲ್ಲಿ ಮನೆ ಬಿಟ್ಟ ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರಿಗೆ ಮನೆ ಹಿಂದಕ್ಕೆ ಬರಲಿಲ್ಲ. ದಕ್ಷಿಣದಿಂದ ಉತ್ತರಕ್ಕೆ ಹೋಗಬೇಕಾಗಿ ಬಂದ ತುರ್ಕರಿಗೂ ಬರಲಿಲ್ಲ. ‘ಆದರೂ’ ಎನ್ನುವ ದನಿಗೆ ತನ್ನದೇ ಆದ ನ್ಯಾಯವೂ ಉಂಟು. ಕನಿಕರ ತೋರಿದಿರಲ್ಲ, ಇನ್ನು ದೂರು ಬಿಡಿ ಎಂದು ಅವರಿಗೆ ಹೇಳುವ ಹಕ್ಕು ದೂರದಲ್ಲಿ ಕುಳಿತ ನಮಗಿಲ್ಲ.

2020ರ ಆಗಸ್ಟಿನಲ್ಲಿ ಎರಡು ದೇಶಗಳ ಯುದ್ಧನೌಕೆಗಳು ಒಂದಕ್ಕೊಂದು ತಾಗಿದವು. ಅಕ್ಟೋಬರ್ 30ರಂದು ಏಜಿಯನ್ ಕಡಲಿನಡಿ ಸರಿದ ಒಂದೇ ಬಿರುಕು ಎರಡೂ ದಡಗಳನ್ನು ನಡುಗಿಸಿತು. ಸ್ಮರ್ನಾ ಎಂದು ಹಿಂದೆ ಕರೆಯುತ್ತಿದ್ದ ಇಜ್ಮಿರ್ ನಗರದಲ್ಲಿ 117 ಜನರೂ, ಗ್ರೀಸಿನ ಸಾಮೋಸ್ ದ್ವೀಪದಲ್ಲಿ ಗೋಡೆ ಬಿದ್ದು ಇಬ್ಬರು ಎಳೆಯರೂ ಸತ್ತರು. ಗ್ರೀಸಿನ ಪ್ರಧಾನಿ ತುರ್ಕಿಯ ಅಧ್ಯಕ್ಷರಿಗೆ ಫೋನು ಮಾಡಿದರು. ಆಮೇಲೆ ಜಗಳ ಮುಂದುವರಿಯಿತು. 2023ರ ಫೆಬ್ರುವರಿ 6ರಂದು ಆಗ್ನೇಯ ತುರ್ಕಿಯಲ್ಲಿ 50,000ಕ್ಕೂ ಹೆಚ್ಚು ಜನ ಮಡಿದ ಭೂಕಂಪವಾದಾಗ ಗ್ರೀಕ್ ತಂಡ ಅಂದೇ ಹೊರಟಿತು.

ಆ ಸಲ ಅದಿಯಮಾನ್ ಎಂಬ ಊರಿನಲ್ಲಿ ಹೋಟೆಲೊಂದು ಕುಸಿಯಿತು. ಉತ್ತರ ಸೈಪ್ರಸ್ಸಿನ ಫಾಮಗೂಸ್ತಾದಿಂದ ವಾಲಿಬಾಲ್ ಆಡಲು ಬಂದಿದ್ದ ಶಾಲಾಮಕ್ಕಳು ಅಲ್ಲಿ ತಂಗಿದ್ದರು. ಮಕ್ಕಳೂ ಜೊತೆಯಲ್ಲಿ ಬಂದಿದ್ದ ಹಿರಿಯರೂ ಸೇರಿ ಆ ತಂಡದ 35 ಮಂದಿ ಸತ್ತರು. ಫಾಮಗೂಸ್ತಾದಿಂದ 1974ರಲ್ಲಿ ಓಡಿಹೋದ ಗ್ರೀಕರಲ್ಲಿ ಎಷ್ಟೋ ಮಂದಿ ಅದೇ ದ್ವೀಪದ ದಕ್ಷಿಣದಲ್ಲಿ ಇನ್ನೂ ಇದ್ದಾರೆ. ಅವರು ಆ ಬೆಳಗ್ಗೆ ರೇಡಿಯೋದಲ್ಲಿ ಸುದ್ದಿ ಕೇಳಿದರು. ತಾವು ಬಿಟ್ಟುಬಂದ ಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳು ಅವು.