ಕೀಲಿಮಣೆಯ ಟೋಪಿ

ಕನ್ನಡ ಪಂಡಿತನಾದವನು ಬಾನುಲಿಯ ಮುಂದೆ ಕುಳಿತರೆ ಹಳಗನ್ನಡದ ಪದ್ಯವೊಂದನ್ನು ಹಿಡಿದು ಅನ್ವಯ, ತಾತ್ಪರ್ಯ ಎಂದು ಆರಂಭಿಸುವನೆಂದು ನೀವು ಎಣಿಸುವುದು ಸಹಜ. ಇಂದು ನಾನು ಹೇಳಲಿರುವುದು ಬೆರಳುಗಾತ್ರದ ಒಂದು ಪ್ಲಾಸ್ಟಿಕ್ ಚೂರಿನ ವಿಷಯ. ಆ ಚೂರು ನನ್ನ ಪಾಂಡಿತ್ಯಕ್ಕೆ ಸ್ವಲ್ಪ ಪೆಟ್ಟು ಕೊಟ್ಟಿತಾದ್ದರಿಂದ ಅದನ್ನು ಕುರಿತು ಮಾತನಾಡುವುದಕ್ಕೆ ನನಗೆ ಅಧಿಕಾರವುಂಟೆಂದು ಭಾವಿಸಿದ್ದೇನೆ.

ನಾನು ವಿಜಯನಗರದ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯ. ಕಳೆದ ಅರ್ಧವಾರ್ಷಿಕ ಪರೀಕ್ಷೆಗೆ ಒಂಬತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯನ್ನು ಕೈಬರಹದಲ್ಲಿ ಬರೆದು, ರಾಜಾಜಿನಗರದ ಅಡ್ಡರಸ್ತೆಯಲ್ಲಿರುವ ಟೈಪಿಂಗ್ ಅಂಗಡಿಗೆ ಕೊಟ್ಟೆ. ಅಲ್ಲಿ ಟೈಪು ಮಾಡುವಾಕೆ ಇಪ್ಪತ್ತು ವರ್ಷಗಳಿಂದ ಅದೇ ಕೆಲಸದಲ್ಲಿದ್ದಾರೆ. ಪುಟಕ್ಕೆ ಇಷ್ಟು ಎಂದು ಅವರ ಸಂಪಾದನೆ. ಕರಡನ್ನು ನಾನೇ ತಿದ್ದಿದೆ, ಅಂದರೆ ತಿದ್ದಿದೆನೆಂದು ತಿಳಿದುಕೊಂಡೆ. ಪರೀಕ್ಷೆಯ ದಿನ ಹುಡುಗರು ಗೊಳ್ಳೆಂದು ನಕ್ಕರು. ಪ್ರಬಂಧದ ವಿಷಯ ‘ಹಳ್ಳಿಯ ಜೀವನ’ ಎಂದಿರಬೇಕಾದಲ್ಲಿ ‘ಹಲ್ಲಿಯ ಜೀವನ’ ಎಂದು ಅಚ್ಚಾಗಿತ್ತು. ಕೊಠಡಿ ಕೊಠಡಿಗೆ ಹೋಗಿ ತಿದ್ದಿ ಹೇಳಿ ಬಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಇನ್ನೊಂದು ಪ್ರಶ್ನೆಯನ್ನು ನಾನು ಬರೆದದ್ದು ‘ನಿಮ್ಮ ಊರಿನ ಬೆಳೆಗಳನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರಿ’ ಎಂದು. ಅಚ್ಚಾದದ್ದು ‘ಬೆಲೆಗಳನ್ನು ಕುರಿತು’ ಎಂದು. ಹಲ್ಲಿಯನ್ನು ಎಲ್ಲರೂ ಹಿಡಿದರು, ಬೆಲೆಯನ್ನು ಯಾರೂ ಹಿಡಿಯಲಿಲ್ಲ. ಅರ್ಥಗೆಟ್ಟ ತಪ್ಪು ತಾನೇ ಎದ್ದು ಕೂಗುತ್ತದೆ; ಅರ್ಥವಿರುವ ತಪ್ಪು ಸಂಭಾವಿತನಂತೆ ಸಾಲಿನಲ್ಲಿ ಕುಳಿತುಬಿಡುತ್ತದೆ. ಅನೇಕ ಮಕ್ಕಳು ಪಾಠದ ನೆನಪಿನಿಂದ ರಾಗಿ, ಅವರೆ, ಹುರುಳಿ ಎಂದೇ ಬರೆದರು. ಕೆಂಗೇರಿಯ ಆಚೆಯ ಹಳ್ಳಿಯಿಂದ ಬರುವ ಒಬ್ಬ ಹುಡುಗ ಮಾತ್ರ ಕಂಡದ್ದನ್ನು ಕಂಡಂತೆ ಓದಿಕೊಂಡಿದ್ದ. ‘ನಮ್ಮ ಊರಿನಲ್ಲಿ ಮೊದಲು ಎಕರೆಗೆ ಬೆಲೆ ಇತ್ತು, ಈಗ ಚದರ ಅಡಿಗೆ ಬೆಲೆ ಇದೆ. ನಮ್ಮ ತಾತನ ಹೊಲಕ್ಕೆ ಒಳ್ಳೆಯ ಬೆಲೆ ಬಂದಿದೆ, ಆದರೆ ಹೊಲ ಈಗ ನಮ್ಮದಲ್ಲ’ ಎಂದು ಅವನ ಉತ್ತರ. ನಾನು ಕೆಂಪು ಶಾಯಿಯಿಂದ ಉದ್ದಕ್ಕೆ ಗೆರೆ ಹೊಡೆದು, ‘ಪ್ರಶ್ನೆಯನ್ನು ಸರಿಯಾಗಿ ಓದಿ ಉತ್ತರಿಸು’ ಎಂದು ಷರಾ ಬರೆದು ಸೊನ್ನೆ ಹಾಕಿದ್ದೆ. ಆ ಐದು ಅಂಕಗಳಿಲ್ಲದೆ ಅವನು ನಪಾಸಾಗಿದ್ದ.

ಉತ್ತರಪತ್ರಿಕೆ ಕೊಟ್ಟ ದಿನ ಅವನು ಎರಡು ಹಾಳೆಗಳನ್ನೂ ಹಿಡಿದುಕೊಂಡು ಬಂದು, ‘ಸಾರ್, ಇದರಲ್ಲಿ ಬೆಲೆ ಅಂತಲೇ ಇದೆಯಲ್ಲ?’ ಎಂದ. ನೋಡಿದೆ. ಇತ್ತು.

ಮನುಷ್ಯನ ಸ್ವಭಾವ ನೋಡಿ. ತಪ್ಪು ನನ್ನ ಕಣ್ಣಿನದೂ ಹೌದೆಂದು ಗೊತ್ತಾದ ಮೇಲೆ ಸಿಟ್ಟು ಇನ್ನೊಬ್ಬರ ಮೇಲೆ ಹೆಚ್ಚಾಗುತ್ತದೆ. ಸಂಜೆ ನೇರವಾಗಿ ಅಂಗಡಿಗೆ ಹೋಗಿ, ‘ಏನಮ್ಮ, ಳಕಾರ ಲಕಾರಗಳ ಭೇದ ತಿಳಿಯದವರು ಕನ್ನಡ ಟೈಪು ಮಾಡಬಹುದೆ?’ ಎಂದೆ. ನಾಲ್ಕು ಜನ ಗಿರಾಕಿಗಳು ಎದುರಿಗೇ ಇದ್ದರು. ಆಕೆ ಮುಖ ತಗ್ಗಿಸಿ, ‘ನಾನು ಒತ್ತಿದ್ದು ಳನೇ ಸಾರ್’ ಎಂದಷ್ಟೇ ಹೇಳಿದರು. ನಾನು ನಂಬಲಿಲ್ಲ.

ಆ ರಾತ್ರಿ ಪ್ರಶ್ನೆಪತ್ರಿಕೆಯನ್ನು ಮತ್ತೆ ಓದುತ್ತಿದ್ದಾಗ ಒಂದು ಸಂಗತಿ ಹೊಳೆಯಿತು. ಕನ್ನಡ ಬಾರದವರು ಮೊದಲು ಎಡವುವುದು ಶ, ಷ, ಸಗಳಲ್ಲಿ. ಆಮೇಲೆ ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ. ಈ ಹಾಳೆಯಲ್ಲಿ ಶಕಾರ ಒಂದೂ ತಪ್ಪಿರಲಿಲ್ಲ; ಧ, ಭ, ಥ ಎಲ್ಲವೂ ಸರಿಯಾಗಿದ್ದವು. ತಪ್ಪಿದ್ದು ಳ ಇರಬೇಕಾದಲ್ಲಿ ಲ, ಒಂದು ಕಡೆ ಣ ಇರಬೇಕಾದಲ್ಲಿ ನ, ಇಷ್ಟೆ. ಇದು ವರ್ಣಮಾಲೆಯ ಯಾವ ವರ್ಗವೂ ಅಲ್ಲ. ಹಾಗಾದರೆ ಯಾವ ವರ್ಗ?

ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬಳಕೆಯಲ್ಲಿರುವುದು ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡದ ವರ್ಣಮಾಲೆಯನ್ನೆಲ್ಲ ಅಳವಡಿಸಿರುವ ಅಚ್ಚುಕಟ್ಟಾದ ಏರ್ಪಾಡು ಅದು. ಎಲ್ ಒತ್ತಿದರೆ ಲ, ಷಿಫ್ಟ್ ಹಿಡಿದು ಒತ್ತಿದರೆ ಳ. ಎನ್ ಒತ್ತಿದರೆ ನ, ಷಿಫ್ಟಿನೊಡನೆ ಣ. ಎಸ್ ಎಂದರೆ ಸ, ಷಿಫ್ಟಿನೊಡನೆ ಶ. ದೀರ್ಘಸ್ವರಕ್ಕೂ ಮಹಾಪ್ರಾಣಕ್ಕೂ ಷಿಫ್ಟೇ ಬೇಕು. ಇಂಗ್ಲಿಷಿನವನಿಗೆ ಷಿಫ್ಟು ವಾಕ್ಯಕ್ಕೊಮ್ಮೆ ಬಂದರೆ, ನಮಗೆ ಅದಿಲ್ಲದೆ ಎರಡು ಪದ ಮುಂದೆ ಹೋಗುವಂತಿಲ್ಲ. ಇನ್ನು ಕ್ರಮವಾಗಿ ಟೈಪಿಂಗ್ ಕಲಿತವರು ಬಲಗೈ ಬೆರಳಿನ ಅಕ್ಷರಕ್ಕೆ ಎಡಗಡೆಯ ಷಿಫ್ಟನ್ನೂ ಎಡಗೈ ಬೆರಳಿನ ಅಕ್ಷರಕ್ಕೆ ಬಲಗಡೆಯ ಷಿಫ್ಟನ್ನೂ ಒತ್ತುತ್ತಾರೆ. ಎಲ್ ಮತ್ತು ಎನ್ ಬಲಗೈಯವು. ಎಸ್, ಡಿ, ಬಿ, ಟಿ ಎಡಗೈಯವು. ತಪ್ಪಿದ್ದೆಲ್ಲ ಬಲಗೈ ಅಕ್ಷರಗಳೇ! ಅಂದರೆ ಸಂದೇಹ ಹೋಗಬೇಕಾದದ್ದು ಆಕೆಯ ಕನ್ನಡದ ಮೇಲಲ್ಲ, ಎಡಗಡೆಯ ಷಿಫ್ಟಿನ ಮೇಲೆ. ಬಲಗೈಯ ಅಕ್ಷರಗಳಲ್ಲಿ ಅನುಸ್ವಾರವೂ ಒಂದು; ಅದು ತಪ್ಪಿ ಮ ಬಿದ್ದಾಗ ತೆರೆಯ ಮೇಲೆ ಥಟ್ಟನೆ ಕಾಣುತ್ತಿತ್ತು, ಆಕೆ ಅಳಿಸಿ ತಿದ್ದುತ್ತಿದ್ದರು. ಬೆಲೆಯಂಥ ಪದ ಮಾತ್ರ ನುಸುಳಿಕೊಂಡು ಹೋಯಿತು.

ನನ್ನ ಹಳೆಯ ಶಿಷ್ಯನೊಬ್ಬ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಮೌಲ್ಡಿಂಗ್ ಕೆಲಸ ಮಾಡುತ್ತಾನೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇರುವುದೂ ಅಲ್ಲಿಯೇ. ಡೈ ಮಾಡುವ ವಿದ್ಯೆಯನ್ನು ಅವನು ಕಲಿತದ್ದು ಅಲ್ಲಿ. ಭಾನುವಾರ ಅವನನ್ನು ಕರೆದುಕೊಂಡು ಅಂಗಡಿಗೆ ಹೋದೆ. ಹೊಸದಾಗಿ ಸೇರಿದ ಹುಡುಗಿಗೆ ಅನುಕೂಲವಾಗಲೆಂದು ಅಂಗಡಿಯವರು ಕನ್ನಡ ಅಕ್ಷರಗಳಿರುವ ಬಿಳಿಯ ಟೋಪಿಗಳನ್ನು ತರಿಸಿ ಹಾಕಿಸಿದ್ದರು. ಟೋಪಿ ಎಂದರೆ ಕೀಲಿಯ ಮೇಲಿನ ಮುಚ್ಚಳ. ವ್ಯಾಪಾರದವರು ಕೀಕ್ಯಾಪ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಟೋಪಿ ಹಾಕುವುದು ಎಂಬುದಕ್ಕೆ ಬೇರೆ ಅರ್ಥವೂ ಇದೆಯಷ್ಟೆ. ಎರಡೂ ಇಲ್ಲಿ ಸಲ್ಲುತ್ತವೆ.

ಆ ಕೀಲಿಮಣೆ ಯಾಂತ್ರಿಕ ಜಾತಿಯದು. ಅಗ್ಗದ ಕೀಲಿಮಣೆಗಳಲ್ಲಿ ಎಲ್ಲ ಕೀಲಿಗಳಿಗೂ ಸೇರಿ ಒಂದು ರಬ್ಬರಿನ ಹಾಳೆ ಇರುತ್ತದೆ. ಇದರಲ್ಲಿ ಪ್ರತಿಯೊಂದು ಕೀಲಿಗೂ ಬೇರೆ ಬೇರೆ ಸ್ವಿಚ್ಚು, ಒಳಗೊಂದು ಸ್ಪ್ರಿಂಗು. ಜರ್ಮನಿಯ ಚೆರ್ರಿ ಕಂಪನಿಯ ಸ್ವಿಚ್ಚು ಇವಕ್ಕೆಲ್ಲ ಮಾದರಿ. ಕೀಲಿ ಒಟ್ಟು 4 ಮಿಲಿಮೀಟರು ಇಳಿಯುತ್ತದೆ, ಅರ್ಧದಾರಿಯಲ್ಲಿ ಅಕ್ಷರ ಮೂಡುತ್ತದೆ. ಸ್ವಿಚ್ಚಿನ ನಡುವೆ ಕೂಡಿಸುವ ಗುರುತಿನ ಆಕಾರದ ಒಂದು ಮೊಳೆ. ಟೋಪಿಯ ಅಡಿಯಲ್ಲಿ ಅದೇ ಆಕಾರದ ಗೂಡು. ಗೂಡಿನಲ್ಲಿ ಮೊಳೆ ಕುಳಿತರೆ ಟೋಪಿ ನಿಂತಿತು. ಅಂಟಿಲ್ಲ, ತಿರುಪಿಲ್ಲ, ಎರಡು ಪ್ಲಾಸ್ಟಿಕ್ಕುಗಳ ಬಿಗಿತವೇ ಆಧಾರ. ಗೂಡು ಕೂದಲೆಳೆಯಷ್ಟು ದೊಡ್ಡದಾದರೆ ಟೋಪಿ ಅಲ್ಲಾಡುತ್ತದೆ, ಬೆರಳಿಗಂಟಿ ಎದ್ದುಬರುತ್ತದೆ. ಅಷ್ಟೇ ಚಿಕ್ಕದಾದರೆ ಬಲವಂತವಾಗಿ ಕೂರಿಸಿದಾಗ ಗೂಡು ಸೀಳುತ್ತದೆ, ಇಲ್ಲವೆ ಕೀಳುವಾಗ ಸ್ವಿಚ್ಚಿನ ಮೊಳೆಯನ್ನೇ ಕಿತ್ತುಕೊಂಡು ಬರುತ್ತದೆ. ತರಗತಿಯಲ್ಲಿ ಸಂಧಿಕಾರ್ಯವನ್ನು ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದು ಅರ್ಥವಾಗಲು ಕಷ್ಟವಾಗಲಿಲ್ಲ.

ಷಿಫ್ಟು, ಎಂಟರು, ಪದಗಳ ನಡುವೆ ಬಿಡುವು ಕೊಡುವ ಉದ್ದನೆಯ ಪಟ್ಟಿ, ಇವುಗಳ ಕಷ್ಟ ಬೇರೆ. ಅಗಲವಾದ ಟೋಪಿಯ ಒಂದು ತುದಿಯನ್ನು ಒತ್ತಿದರೆ ಇನ್ನೊಂದು ತುದಿ ಏಳಬಾರದಲ್ಲ? ಅದಕ್ಕಾಗಿ ಕೆಳಗೆ ಬಾಗಿಸಿದ ಒಂದು ತಂತಿ ಇರುತ್ತದೆ. ಟೋಪಿಯ ಎಡಬಲಗಳಲ್ಲಿ ಇನ್ನೆರಡು ಗೂಡುಗಳು ಆ ತಂತಿಗೆ ಸೇರಿದ ಮೊಳೆಗಳ ಮೇಲೆ ಕೂರುತ್ತವೆ. ಎಡಗಡೆಯ ಷಿಫ್ಟಿನಲ್ಲಿ ಈ ಎರಡು ಗೂಡುಗಳ ನಡುವಿನ ಅಂತರ ಸುಮಾರು 24 ಮಿಲಿಮೀಟರು. ಮೂರು ಗೂಡುಗಳೂ ಒಂದೇ ನೇರದಲ್ಲಿ, ಒಂದೇ ಎತ್ತರದಲ್ಲಿ ಇರಬೇಕು. ಇಲ್ಲವಾದರೆ ಟೋಪಿ ಇಳಿಯುವಾಗ ತಿಕ್ಕಾಡುತ್ತದೆ. ಷಿಫ್ಟನ್ನು ಒತ್ತುವುದು ಕಿರುಬೆರಳು. ಕೈಯಲ್ಲಿ ಅದಕ್ಕಿಂತ ಬಡವ ಇನ್ನೊಬ್ಬನಿಲ್ಲ. ಒತ್ತುವುದೂ ಟೋಪಿಯ ಅಂಚಿನಲ್ಲಿ. ತಿಕ್ಕಾಟವಿದ್ದರೆ ನಡುವಿನ ಸ್ವಿಚ್ಚು ಅರ್ಧದಾರಿಗೂ ಇಳಿಯುವುದಿಲ್ಲ. ಒತ್ತಿದೆನೆಂದು ಬೆರಳಿಗೆ ಅನ್ನಿಸುತ್ತದೆ, ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಶಿಷ್ಯನು ಷಿಫ್ಟಿನ ಬಿಳಿ ಟೋಪಿಯನ್ನು ಕಿತ್ತು, ಮೇಜಿನ ಗಾಜಿನ ಮೇಲೆ ಬೋರಲು ಇಟ್ಟು, ಒಂದು ಮೂಲೆಯನ್ನು ಬೆರಳಿನಿಂದ ತಟ್ಟಿದ. ಕಾಲು ಗಿಡ್ಡವಾದ ಮಣೆಯಂತೆ ಟಕಟಕ ಎಂದಿತು. ‘ಬಾಗಿದೆ ಸಾರ್. ಡೈಯಿಂದ ಬಿಸಿಬಿಸಿಯಾಗಿ ತೆಗೆದುಬಿಟ್ಟಿದಾರೆ’ ಎಂದ. ಮೂಲೆಯ ಡಬ್ಬಿಯಲ್ಲಿದ್ದ ಹಳೆಯ ಕಪ್ಪು ಟೋಪಿಯನ್ನು ಕೂರಿಸಿ, ‘ಅಕ್ಕ, ಈಗ ಹೊಡೀರಿ’ ಎಂದ. ಆಕೆ ‘ಹಳ್ಳಿ’ ಎಂದು ಇಪ್ಪತ್ತು ಸಲ ಹೊಡೆದರು. ಇಪ್ಪತ್ತೂ ಹಳ್ಳಿಗಳೇ ಬಂದವು. ಬಿಳಿಯದನ್ನು ಮತ್ತೆ ಹಾಕಿದಾಗ ಮೂರು ಹಲ್ಲಿಗಳು ಹರಿದಾಡಿದವು.

ಇಂಥ ಟೋಪಿಗಳನ್ನು ಮಾಡುವುದು ಮುಖ್ಯವಾಗಿ ಎರಡು ಬಗೆಯ ಪ್ಲಾಸ್ಟಿಕ್ಕಿನಲ್ಲಿ: ಎ.ಬಿ.ಎಸ್. ಮತ್ತು ಪಿ.ಬಿ.ಟಿ. ಎ.ಬಿ.ಎಸ್. ಅಚ್ಚಿಗೆ ವಿಧೇಯ, ಆರುವಾಗ ಶೇಕಡಾ ಅರ್ಧದಷ್ಟು ಕುಗ್ಗುತ್ತದೆ. ಆದರೆ ಬೆರಳಿನ ಜಿಡ್ಡಿಗೂ ಉಜ್ಜಾಟಕ್ಕೂ ಬೇಗ ನುಣುಪಾಗಿ ಹೊಳೆಯತೊಡಗುತ್ತದೆ. ಇಂಗ್ಲಿಷ್ ಟೈಪು ಮಾಡುವವರ ಮಣೆಯಲ್ಲಿ ಇ ಅಕ್ಷರ ಸವೆದಿರುತ್ತದೆ. ನಮ್ಮವರ ಮಣೆಯಲ್ಲಿ ಎಫ್ ಕೂಡ ಕನ್ನಡಿಯಾಗಿರುತ್ತದೆ. ಅಲ್ಲಿ ಒಂದು ಫಕಾರವೂ ಇಲ್ಲ, ಇರುವುದು ಅರ್ಧಾಕ್ಷರದ ಚಿಹ್ನೆ. ಒತ್ತಕ್ಷರವಿಲ್ಲದೆ ಕನ್ನಡದ ಸಾಲುಂಟೆ? ಪಿ.ಬಿ.ಟಿ. ಗಟ್ಟಿ, ಬೇಗ ನುಣುಪಾಗದು. ಆದರೆ ಅದು ಆರುವಾಗ ಶೇಕಡಾ ಒಂದೂವರೆಯಿಂದ ಎರಡರವರೆಗೆ ಕುಗ್ಗುವುದುಂಟು. ಕುಗ್ಗುವಷ್ಟನ್ನು ಲೆಕ್ಕಹಾಕಿ ಡೈಯನ್ನು ದೊಡ್ಡದು ಮಾಡುತ್ತಾರೆ, ನಿಜ. ಆದರೆ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನವಾಗಿ ಆರಿದರೆ ಉದ್ದನೆಯ ಟೋಪಿ ಬಾಳೆಕಾಯಿಯಂತೆ ಬಾಗುತ್ತದೆ. ಇದಕ್ಕೆ ಮದ್ದು ಡೈಯಲ್ಲಿ ಇನ್ನಷ್ಟು ಹೊತ್ತು ಆರಲು ಬಿಡುವುದು. ಹೊತ್ತು ಎಂದರೆ ಹಣ. ಅಗ್ಗದ ಮಾಲಿನಲ್ಲಿ ಉಳಿತಾಯವಾಗುವುದು ಈ ಕೆಲವು ಸೆಕೆಂಡುಗಳೇ.

ಅಕ್ಷರ ಮೂಡಿಸುವ ಬಗೆಯಲ್ಲೂ ಕನ್ನಡಕ್ಕೆ ಅನ್ಯಾಯವಾಗಿದೆ. ಎಲ್ಲಕ್ಕಿಂತ ಬಾಳಿಕೆಯದು, ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಎರಡು ಸಲ ಎರೆದು ಅಕ್ಷರವನ್ನೇ ಟೋಪಿಯ ಒಡಲಿನ ಭಾಗವಾಗಿಸುವುದು. ಅದು ಸವೆದರೂ ಅಳಿಸುವುದಿಲ್ಲ. ಆದರೆ ಪ್ರತಿ ಅಕ್ಷರಕ್ಕೂ ಬೇರೆ ಅಚ್ಚು ಕೊರೆಯಬೇಕು. ಲಕ್ಷಗಟ್ಟಲೆ ಮಾರುವ ಇಂಗ್ಲಿಷಿಗೆ ಅದು ಗಿಟ್ಟುತ್ತದೆ, ನಮಗೆ ಗಿಟ್ಟುವುದಿಲ್ಲ. ಆದ್ದರಿಂದ ಕನ್ನಡಕ್ಕೆ ಮೇಲ್ಮೈಯ ಮುದ್ರಣ, ಇಲ್ಲವೆ ಅಂಟಿಸುವ ಚೀಟಿ. ನಮ್ಮ ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಒಂದು ಸಣ್ಣ ಸೀಳು. ಮುದ್ರಣ ಮಾಸಿದರೆ ಮಹಾಪ್ರಾಣ ಮೊದಲು ಹೋಗುತ್ತದೆ. ಬಣ್ಣವನ್ನು ಶಾಖದಿಂದ ಪಿ.ಬಿ.ಟಿ. ಒಳಕ್ಕೆ ಇಳಿಸುವ ಕ್ರಮವೊಂದುಂಟು. ಅದಕ್ಕೆ ಅಕ್ಷರಕ್ಕೊಂದು ಅಚ್ಚು ಬೇಕಿಲ್ಲ, ತಿಳಿಬಣ್ಣದ ಟೋಪಿಯ ಮೇಲೆ ಗಾಢ ಅಕ್ಷರ ಚೆನ್ನಾಗಿ ನಿಲ್ಲುತ್ತದೆ. ನನಗೆ ತೋರುವಂತೆ ಕನ್ನಡಕ್ಕೆ ಸದ್ಯಕ್ಕೆ ಅದೇ ತಕ್ಕದ್ದು.

ಹಳೆಯ ಟೈಪ್‌ರೈಟರು ಇಂಥ ಮೋಸ ಮಾಡುತ್ತಿರಲಿಲ್ಲವೆ ಎಂದು ಕೇಳಬಹುದು. ಗಾಡ್ರೆಜ್‌ನವರು 2009ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸುವವರೆಗೂ ಅದು ನಮ್ಮ ಕಚೇರಿಗಳಲ್ಲಿ ಸದ್ದು ಮಾಡಿತ್ತು. ಅಲ್ಲಿಯೂ ಷಿಫ್ಟು ಕೆಡುತ್ತಿತ್ತು. ಆದರೆ ಅರ್ಧ ಒತ್ತಿದ ಷಿಫ್ಟಿನ ಅಕ್ಷರ ಸಾಲಿನಿಂದ ಮೇಲಕ್ಕೋ ಕೆಳಕ್ಕೋ ಜಾರಿ ನಿಲ್ಲುತ್ತಿತ್ತು. ಓದಿದವನು ‘ಮಿಷನ್ ಕೆಟ್ಟಿದೆ’ ಎನ್ನುತ್ತಿದ್ದ. ಗಣಕಯಂತ್ರದಲ್ಲಿ ತಪ್ಪಾದ ಅಕ್ಷರವೂ ಸರಿಯಾದ ಅಕ್ಷರದಷ್ಟೇ ದುಂಡಗೆ, ನೇರವಾಗಿ ಬರುತ್ತದೆ. ಓದಿದವನು ‘ಈಕೆಗೆ ಕನ್ನಡ ಬಾರದು’ ಎನ್ನುತ್ತಾನೆ. ನಾನೂ ಹಾಗೆಯೇ ಅಂದೆ.

ಕೊಳ್ಳುವವರು ಮೊದಲು ಅಗಲದ ಟೋಪಿಗಳನ್ನು ಕಿತ್ತು ಗಾಜಿನ ಮೇಲಿಟ್ಟು ನೋಡಿ. ಷಿಫ್ಟನ್ನು ನಡುವೆ ಒತ್ತದೆ ಎರಡು ತುದಿಗಳಲ್ಲೂ ಮೆಲ್ಲಗೆ ಒತ್ತಿ ನೋಡಿ. ಟೋಪಿ ಕೀಳುವುದಕ್ಕೆ ತಂತಿಯ ಚಿಮುಟ ಸಿಗುತ್ತದೆ, ಚಮಚವನ್ನು ಹಾಕಿ ಮೀಟಬೇಡಿ. ಒಳಗೆ ಕೂರದಿದ್ದರೆ ಗುದ್ದಿ ಕೂರಿಸಲೂ ಬೇಡಿ.

ಹುಡುಗನ ಐದು ಅಂಕಗಳನ್ನು ಪಟ್ಟಿಯಲ್ಲಿ ತಿದ್ದಿ ಮುಖ್ಯೋಪಾಧ್ಯಾಯರಿಂದ ರುಜು ಹಾಕಿಸಿದೆ. ಕೆಂಪು ಷರಾವನ್ನು ಹೊಡೆದು ಹಾಕಿ, ಕೆಳಗೆ ನನ್ನ ರುಜುವನ್ನೂ ಹಾಕಿಕೊಟ್ಟೆ. ಅಂಗಡಿಯಾಕೆಗೆ ಆ ಭಾನುವಾರವೇ ‘ತಪ್ಪಾಯಿತಮ್ಮ’ ಎಂದೆ. ನಾಲ್ಕು ಜನರೆದುರಿಗೆ ಅಂದ ಮಾತನ್ನು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಿಂತೆಗೆದುಕೊಂಡದ್ದು ಅಷ್ಟು ಸಲ್ಲದೆಂದು ಆಮೇಲೆ ಅನ್ನಿಸಿತು. ಈ ಭಾಷಣವನ್ನು ಒಪ್ಪಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಆ ಬಿಳಿಯ ಕೀಲಿಮಣೆಯಲ್ಲಿ ಎಡಗಡೆಯ ಷಿಫ್ಟೊಂದು ಮಾತ್ರ ಈಗ ಕಪ್ಪು. ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಅಲ್ಲಿಯೇ ಕೊಟ್ಟಿದ್ದೆ. ಮೊನ್ನೆ ಕರಡು ಬಂತು. ‘ಬೆಳೆ ಇರೋ ಕಡೆಯೆಲ್ಲ ಪೆನ್ಸಿಲ್ಲಲ್ಲಿ ಗುರುತು ಹಾಕಿದೀನಿ ಸಾರ್, ನೀವೂ ಒಂದು ಸಲ ನೋಡಿಬಿಡಿ’ ಎಂದರು ಆಕೆ.