ನಗೆಯ ಜೊತೆಗೆ ಬಂದ ತಕರಾರು

ಹಾಸ್ಯ ಧಾರಾವಾಹಿ ನೋಡಿ ಜನ ನಗುವುದು ಸಹಜ. ಆದರೆ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 2012ರಿಂದ 2017ರವರೆಗೆ ಪ್ರಸಾರವಾದ ‘ಗರ್ಲ್ಸ್’ ನಗೆಯ ಜೊತೆಗೆ ಜಗಳವನ್ನೂ ಹುಟ್ಟಿಸಿತು. ಲೀನಾ ಡನ್‌ಹಮ್ ರಚಿಸಿ, ತಾವೇ ಮುಖ್ಯಪಾತ್ರ ವಹಿಸಿದ ಈ ಧಾರಾವಾಹಿ ನ್ಯೂಯಾರ್ಕಿನ ನಾಲ್ವರು ಯುವತಿಯರ ಸ್ನೇಹ, ಪ್ರೇಮ, ಪರದಾಟಗಳ ಕಥೆ. ಮೊದಲ ಕಂತಿನಲ್ಲೇ ಹೆತ್ತವರು ನಾಯಕಿ ಹ್ಯಾನಾಗೆ ಹಣ ಕೊಡುವುದನ್ನು ನಿಲ್ಲಿಸುತ್ತಾರೆ.

ವೀಕ್ಷಕರ ಆಕ್ಷೇಪಗಳಲ್ಲಿ ಎರಡು ಮುಖ್ಯವಾದವು. ಈ ಹುಡುಗಿಯರು ಸ್ವಾರ್ಥಿಗಳು, ಇವರನ್ನು ಮೆಚ್ಚುವುದು ಹೇಗೆ ಎಂಬುದು ಒಂದು. ನಾನಾ ವರ್ಣದ ಜನ ಬಾಳುವ ಊರಿನಲ್ಲಿ ನಾಲ್ವರೂ ಬಿಳಿಯರೇ ಏಕೆ ಎಂಬುದು ಇನ್ನೊಂದು.

ವಿಜ್ಞಾನ ಓದಿ ಈ ವೃತ್ತಿಗೆ ಬಂದ ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಮೊದಲನೆಯದು ಪಾತ್ರದ ಮೇಲಿನ ಸಿಟ್ಟು. ಎಡವುವ ಗಂಡಸನ್ನು ಕಂಡು ನಗುವ ನಾವು, ಹೆಣ್ಣು ಎಡವಿದಾಗ ಮಾತ್ರ ನೀತಿ ಹೇಳುವುದು ಸರಿಯೇ? ಎರಡನೆಯದು ಚಿತ್ರಣದ ಮೇಲಿನ ದೂರು. ಅದರಲ್ಲಿ ಹುರುಳಿದೆ ಎಂದು ಡನ್‌ಹಮ್ ಕೂಡ ಒಪ್ಪಿದರು. 2013ರ ಎರಡನೆಯ ಸರಣಿಯಲ್ಲಿ ಕಪ್ಪು ಜನಾಂಗದ ನಟ ಡೊನಾಲ್ಡ್ ಗ್ಲೋವರ್ ಹ್ಯಾನಾಳ ಗೆಳೆಯನಾಗಿ ಬಂದರು. ಎರಡೇ ಕಂತಿಗೆ ಆ ಪಾತ್ರ ಮುಗಿಯಿತು.

ನೀವೂ ಧಾರಾವಾಹಿಯೊಂದನ್ನು ಕುರಿತು ನಮಗೆ ಪತ್ರ ಬರೆಯುವ ಮುನ್ನ ಯೋಚಿಸಿ: ನಿಮ್ಮನ್ನು ಕೆಣಕಿದ್ದು ತೆರೆಯ ಮೇಲೆ ಕಂಡ ಹುಡುಗಿಯೋ, ಅಲ್ಲಿ ಕಾಣದೇ ಹೋದವಳೋ?