ಚಾರ್ಲಿ ಪಾರ್ಕರ್: ಯಾವ ಪೆಟ್ಟಿಗೆ ಕೊಳ್ಳೋಣ?



ಆಂಗ್ ಮೋ ಕಿಯೋದಲ್ಲಿ ನಮ್ಮ ಪಕ್ಕದ ಬ್ಲಾಕಿನ ಹುಡುಗನೊಬ್ಬ ಶಾಲೆಯ ಬ್ಯಾಂಡಿನಲ್ಲಿ ನಾಲ್ಕು ವರ್ಷ ಆಲ್ಟೋ ಸ್ಯಾಕ್ಸೋಫೋನ್ ನುಡಿಸಿದವನು. ಈಗ ಪಾಲಿಟೆಕ್ನಿಕ್ ಓದುತ್ತಿದ್ದಾನೆ. ರಜೆಯಲ್ಲಿ ದುಡಿದ ದುಡ್ಡು ಕೂಡಿಟ್ಟಿದ್ದಾನೆ, ಅದರಲ್ಲಿ ಚಾರ್ಲಿ ಪಾರ್ಕರ್ ಅವರ ಬಾಕ್ಸ್ ಸೆಟ್ ಒಂದನ್ನು ಕೊಳ್ಳಬೇಕಂತೆ. "ಅಂಕಲ್, ಎಂಟು ಸಿಡಿಯದ್ದು ತಗೊಳ್ಳಲಾ, ಹತ್ತು ಸಿಡಿಯದ್ದಾ?" ಎಂದು ಕೇಳಿದ. ಅವನ ಅಮ್ಮನ ಪ್ರಶ್ನೆ ಬೇರೆ: "ಎಲ್ಲಾ ಫೋನಲ್ಲೇ ಸಿಗತ್ತಲ್ಲ, ದುಡ್ಡು ಯಾಕೆ ಹಾಕ್ಬೇಕು? ಅದೂ ನಮ್ಮ ಸಂಗೀತ ಬಿಟ್ಟು?" ಇವತ್ತಿನ ಮಾತು ಅಮ್ಮ, ಮಗ ಇಬ್ಬರಿಗೂ ಸೇರಿದ್ದು. ನಿಮ್ಮ ಮನೆಯಲ್ಲೂ ಇಂಥ ಮಾತು ನಡೆದಿರಬಹುದು.

ಮೊದಲು ಮನುಷ್ಯನ ಪರಿಚಯ. ಚಾರ್ಲಿ ಪಾರ್ಕರ್ ಹುಟ್ಟಿದ್ದು 1920ರ ಆಗಸ್ಟ್ 29ರಂದು, ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ. ತೀರಿಕೊಂಡದ್ದು 1955ರ ಮಾರ್ಚ್ 12ರಂದು, ನ್ಯೂಯಾರ್ಕಿನಲ್ಲಿ. ಬದುಕಿದ್ದು 34 ವರ್ಷ. ಅಷ್ಟರಲ್ಲಿ ಡಿಜ್ಜಿ ಗಿಲೆಸ್ಪಿ ಮೊದಲಾದ ಗೆಳೆಯರ ಜೊತೆ ಸೇರಿ ಜಾಝ್ ಸಂಗೀತದ ದಿಕ್ಕನ್ನೇ ತಿರುಗಿಸಿದರು. ಕುಣಿಯುವವರಿಗಾಗಿ ನುಡಿಸುತ್ತಿದ್ದ ಸಂಗೀತ ಕೂತು ಕೇಳುವವರ ಸಂಗೀತವಾಯಿತು. ಅದಕ್ಕೆ ಬೀಬಾಪ್ ಎಂದು ಹೆಸರು ಬಂತು, ಪಾರ್ಕರ್ ಅವರಿಗೆ 'ಬರ್ಡ್' ಎಂದು ಅಡ್ಡಹೆಸರು ಬಿತ್ತು.

ಈಗ ಹುಡುಗ ಕೇಳಿದ ಎರಡು ಪೆಟ್ಟಿಗೆಗಳು. ಎಂಟು ಸಿಡಿಯದ್ದು ಸವೊಯ್ ಮತ್ತು ಡಯಲ್ ಎಂಬ ಎರಡು ಚಿಕ್ಕ ಕಂಪನಿಗಳಿಗಾಗಿ 1944ರಿಂದ 1948ರವರೆಗೆ ಸ್ಟುಡಿಯೋದಲ್ಲಿ ನುಡಿಸಿದ್ದು, 2000ದಲ್ಲಿ ಹೊರಬಂತು. ಹತ್ತು ಸಿಡಿಯದ್ದು ವರ್ವ್ ಕಂಪನಿಯದು, 1988ರಲ್ಲಿ ಬಂದದ್ದು. ಅದರಲ್ಲಿರುವುದು ನಾರ್ಮನ್ ಗ್ರಾಂಝ್ ಎಂಬ ನಿರ್ಮಾಪಕರು 1946ರಿಂದ 1954ರವರೆಗೆ ಮಾಡಿಸಿದ ಧ್ವನಿಮುದ್ರಣಗಳು. ಎರಡರ ಮೇಲೂ 'ಕಂಪ್ಲೀಟ್' ಎಂದು ದೊಡ್ಡದಾಗಿ ಅಚ್ಚಾಗಿದೆ.

ಆ ಪದದ ಬಗ್ಗೆ ಸ್ವಲ್ಪ ಹುಷಾರಾಗಿರಿ. ಅದರ ಅರ್ಥ 'ಈ ಕಂಪನಿಯ ಕೈಯಲ್ಲಿರುವುದೆಲ್ಲ' ಎಂದಷ್ಟೇ. 1953ರ ಮೇ 15ರಂದು ಟೊರೊಂಟೊದ ಮ್ಯಾಸಿ ಹಾಲ್‌ನಲ್ಲಿ ಪಾರ್ಕರ್, ಗಿಲೆಸ್ಪಿ, ಬಡ್ ಪೊವೆಲ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಒಂದೇ ವೇದಿಕೆಯಲ್ಲಿ ನುಡಿಸಿದರು. ಅಂದು ಪಾರ್ಕರ್ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಸ್ಯಾಕ್ಸೋಫೋನ್! ಆ ಕಛೇರಿ ಈ ಎರಡು ಪೆಟ್ಟಿಗೆಗಳಲ್ಲೂ ಇಲ್ಲ. ಅದನ್ನು ಹೊರತಂದದ್ದು ಮಿಂಗಸ್ ಮತ್ತು ರೋಚ್ ನಡೆಸುತ್ತಿದ್ದ ಡೆಬ್ಯೂ ಎಂಬ ಕಂಪನಿ. ಪಾರ್ಕರ್ ಬೇರೆ ಕಂಪನಿಯ ಕರಾರಿನಲ್ಲಿದ್ದದ್ದರಿಂದ ರೆಕಾರ್ಡಿನ ಮೇಲೆ ಅವರ ಹೆಸರನ್ನು 'ಚಾರ್ಲಿ ಚಾನ್' ಎಂದು ಹಾಕಿದರು. ಇನ್ನು 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಸಂಘ ಧ್ವನಿಮುದ್ರಣಕ್ಕೇ ಬಹಿಷ್ಕಾರ ಹಾಕಿತ್ತು, ದೊಡ್ಡ ಕಂಪನಿಗಳ ಜೊತೆ ಅದು ಪೂರ್ತಿ ಮುಗಿದದ್ದು 1944ರ ಕೊನೆಗೆ. ಪಾರ್ಕರ್ ಮತ್ತು ಗಿಲೆಸ್ಪಿ ಇಬ್ಬರೂ ಅರ್ಲ್ ಹೈನ್ಸ್ ಅವರ ತಂಡದಲ್ಲಿ ಒಟ್ಟಿಗೆ ನುಡಿಸುತ್ತಿದ್ದದ್ದು ಆ ನಡುವಿನ 1943ರಲ್ಲಿ. ಆ ತಂಡದ ಒಂದು ರೆಕಾರ್ಡೂ ಹೊರಬರಲಿಲ್ಲ. ಎಷ್ಟು ದುಡ್ಡು ಕೊಟ್ಟರೂ ಅದು ಯಾವ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ.

ಹಾಗಾಗಿ, ಯಾವುದರಲ್ಲಿ ಹೆಚ್ಚು ಇದೆ ಎಂದು ನೋಡಿ ಕೊಳ್ಳಬೇಡಿ, ನೀವು ಹೇಗೆ ಕೇಳುತ್ತೀರಿ ಎಂದು ಯೋಚಿಸಿ ಕೊಳ್ಳಿ. ನನ್ನ ಮತ ಎಂಟು ಸಿಡಿಯ ಪೆಟ್ಟಿಗೆಗೆ. ಕಾರಣ ಹೇಳುತ್ತೇನೆ.

ಆ ಕಾಲದ ರೆಕಾರ್ಡಿನಲ್ಲಿ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ ಮಾತ್ರ. ಆಂಗ್ ಮೋ ಕಿಯೋದಲ್ಲಿ ರೈಲು ಹತ್ತಿ ಬಿಷಾನ್‌ನಲ್ಲಿ ಬಾಗಿಲು ತೆರೆಯುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಹಾಡು ಮುಗಿದಿರುತ್ತದೆ. ಅಷ್ಟರಲ್ಲೇ ಎಲ್ಲವನ್ನೂ ಹೇಳಬೇಕು, ಸರಿಬರದಿದ್ದರೆ ಮತ್ತೆ ಮೊದಲಿನಿಂದ ನುಡಿಸಬೇಕು. ಹಾಗೆ ಮತ್ತೆ ಮತ್ತೆ ನುಡಿಸಿದ ಟೇಕ್‌ಗಳನ್ನೆಲ್ಲ, ಅರ್ಧಕ್ಕೆ ನಿಂತವನ್ನೂ ಸೇರಿಸಿ, ನಡೆದ ಕ್ರಮದಲ್ಲೇ ಈ ಪೆಟ್ಟಿಗೆಯಲ್ಲಿ ಜೋಡಿಸಿದ್ದಾರೆ. 1945ರ ನವೆಂಬರ್ 26ರ ಒಂದೇ ದಿನವನ್ನು ನೋಡಿ. 'ಬಿಲೀಸ್ ಬೌನ್ಸ್' ಎಂಬ ರಚನೆಗೇ ಐದು ಟೇಕ್. ಟ್ರಂಪೆಟ್ ಹಿಡಿದವರು ಹತ್ತೊಂಬತ್ತು ವರ್ಷದ ಮೈಲ್ಸ್ ಡೇವಿಸ್. ನಮ್ಮ ಪಾಲಿಟೆಕ್ನಿಕ್ ಹುಡುಗನ ವಯಸ್ಸೇ!

ಅದೇ ದಿನ 'ಕೋ-ಕೋ' ಕೂಡ ಆಯಿತು. ಮೊದಲ ಟೇಕಿನಲ್ಲಿ ಮುನ್ನುಡಿ ಮುಗಿಸಿ 'ಚೆರೋಕಿ' ಎಂಬ ಜನಪ್ರಿಯ ಹಾಡಿನ ಧಾಟಿ ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಶಿಳ್ಳೆ, ಕೂಗು ಕೇಳಿಸಿ ಎಲ್ಲ ನಿಂತುಬಿಡುತ್ತದೆ. ಧಾಟಿ ಇಟ್ಟುಕೊಂಡರೆ ಅದನ್ನು ಬರೆದವರಿಗೆ ಹಕ್ಕಿನ ಹಣ ಕೊಡಬೇಕಾಗುತ್ತಿತ್ತು. ಮುಂದಿನ ಟೇಕಿನಲ್ಲಿ ಧಾಟಿಯೇ ಮಾಯ. ಅಡಿಯಲ್ಲಿ ಅದೇ ಕಾರ್ಡ್‌ಗಳು ಓಡುತ್ತಿರುತ್ತವೆ, ಮೇಲೆ ಪಾರ್ಕರ್ ಬಿರುಗಾಳಿಯ ವೇಗದಲ್ಲಿ 128 ಬಾರ್‌ಗಳಷ್ಟು ತಮ್ಮದೇ ಕಲ್ಪನೆಯನ್ನು ನುಡಿಸುತ್ತಾರೆ. ಕೃತಿಯನ್ನು ಬಿಟ್ಟು ಬರೀ ರಾಗ, ತಾಳಗಳ ಮೇಲೆ ಕಲ್ಪನಾಸ್ವರ ಹಾಕಿದ ಹಾಗೆ ಎಂದರೆ ಸಂಗೀತದ ಕ್ಲಾಸಿಗೆ ಹೋದವರಿಗೆ ಅಂದಾಜು ಸಿಗಬಹುದು. ಹೋಲಿಕೆ ಪೂರ್ತಿ ಸರಿಯಲ್ಲ, ಕಾರ್ಡ್ ಎಂಬುದು ರಾಗವಲ್ಲ. ಆದರೂ ಮನೋಧರ್ಮ ಎಂಬ ಮಾತು ಎರಡಕ್ಕೂ ಒಪ್ಪುತ್ತದೆ.

ಫೋನಿನಲ್ಲಿ ಇದು ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಅಲ್ಲಿ ಒಂದೇ ಹೆಸರಿನ ಹಾಡು ಹತ್ತು ಕಡೆ ಬಿದ್ದಿರುತ್ತದೆ. ಎಷ್ಟೋ ಸಲ ಯಾವ ದಿನದ್ದು, ಯಾವ ಟೇಕ್, ಪಿಯಾನೋ ಯಾರದು ಎಂಬುದೇ ಇರುವುದಿಲ್ಲ. ಒಳ್ಳೆಯ ಪೆಟ್ಟಿಗೆಯ ಬೆಲೆ ಇರುವುದು ಅದರೊಳಗಿನ ಪುಸ್ತಿಕೆಯಲ್ಲಿ. ಅಗ್ಗದ ಪೆಟ್ಟಿಗೆಗಳೂ ಬೇಕಾದಷ್ಟಿವೆ. ಯೂರೋಪಿನಲ್ಲಿ ಹಳೆಯ ಧ್ವನಿಮುದ್ರಣಗಳ ಹಕ್ಕು ಐವತ್ತು ವರ್ಷಕ್ಕೆ ಮುಗಿಯುತ್ತಿದ್ದ ಕಾಲದಲ್ಲಿ ಯಾರು ಬೇಕಾದರೂ ಪಾರ್ಕರ್ ಅವರನ್ನು ಅಚ್ಚು ಹಾಕುವಂತಾಗಿತ್ತು. ಅವುಗಳಲ್ಲಿ ಶ್ರದ್ಧೆಯಿಂದ ಮಾಡಿದವೂ ಇವೆ, ಕಾಟಾಚಾರಕ್ಕೆ ಮಾಡಿದವೂ ಇವೆ. ಪುಸ್ತಿಕೆ ತೆರೆದು ನೋಡಿ: ತಾರೀಖು, ಊರು, ನುಡಿಸಿದವರ ಹೆಸರು, ಟೇಕ್ ಸಂಖ್ಯೆ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ಟೇಕ್‌ಗಳ ಸಾಲು ಎಲ್ಲರಿಗೂ ಹಿಡಿಸುವುದಿಲ್ಲ, ಅದೂ ನಿಜ. ರಾತ್ರಿ ಊಟ ಮಾಡುತ್ತಾ ಕೇಳುವುದಕ್ಕೆ ಅದೇ ಹಾಡು ಐದು ಸಲ ಬಂದರೆ ಮನೆಯವರು ಎದ್ದು ಹೋಗುತ್ತಾರೆ. ವಾದ್ಯ ನುಡಿಸದ, ಸುಮ್ಮನೆ ಕೇಳಿ ಸಂತೋಷಪಡುವ ಗೆಳೆಯರಿಗೆ ರೈನೋ ಕಂಪನಿಯ ಎರಡು ಸಿಡಿಯ 'ಯಾರ್ಡ್‌ಬರ್ಡ್ ಸೂಟ್' ಸಾಕು. ಮನೆಯಲ್ಲಿ ಟರ್ನ್‌ಟೇಬಲ್ ಇದ್ದರೆ, ಸವೊಯ್ ಕಂಪನಿಯ ಹಳೆಯ ಹತ್ತಿಂಚಿನ ನಾಲ್ಕು ರೆಕಾರ್ಡುಗಳನ್ನು ಕ್ರಾಫ್ಟ್ ಸಂಸ್ಥೆ 2020ರಲ್ಲಿ ಪೆಟ್ಟಿಗೆಯಾಗಿ ಮತ್ತೆ ತಂದಿದೆ. ವರ್ವ್ ಪೆಟ್ಟಿಗೆಯಲ್ಲಿ ಪಿಟೀಲುಗಳ ಜೊತೆ 1949ರಲ್ಲಿ ನುಡಿಸಿದ 'ಜಸ್ಟ್ ಫ್ರೆಂಡ್ಸ್' ಇದೆ. ಜಾಝ್ ಬೇಡ ಎನ್ನುವ ಅಮ್ಮಂದಿರನ್ನೂ ಒಲಿಸಬಲ್ಲ ಮೂರೂವರೆ ನಿಮಿಷ ಅದು. ಇನ್ನೊಂದು ತುದಿಗೆ ಮೊಸಾಯಿಕ್ ಸಂಸ್ಥೆಯ ಏಳು ಸಿಡಿಯ ಬೆನೆಡೆಟ್ಟಿ ಪೆಟ್ಟಿಗೆ ಇದೆ. ಡೀನ್ ಬೆನೆಡೆಟ್ಟಿ ಎಂಬ ಅಭಿಮಾನಿ ಕ್ಲಬ್ಬುಗಳಿಗೆ ಯಂತ್ರ ಹೊತ್ತುಕೊಂಡು ಹೋಗಿ, ಪಾರ್ಕರ್ ನುಡಿಸುವಾಗ ಮಾತ್ರ ಮುದ್ರಿಸಿ, ಉಳಿದವರ ಸರದಿ ಬಂದಾಗ ನಿಲ್ಲಿಸಿಬಿಡುತ್ತಿದ್ದರು! ಮೊದಲ ಪೆಟ್ಟಿಗೆಯಾಗಿ ಇದನ್ನು ದಯವಿಟ್ಟು ಕೊಳ್ಳಬೇಡಿ.

ಎಂಟು ಸಿಡಿಯ ಪೆಟ್ಟಿಗೆಯಲ್ಲೇ ನನಗೆ ಕಸಿವಿಸಿಯಾಗುವ ಒಂದು ಜಾಗವಿದೆ. 1946ರ ಜುಲೈ 29, ಲಾಸ್ ಏಂಜಲೀಸ್. ಪಾರ್ಕರ್ ಅವರ ಮೈ, ಮನಸ್ಸು ಎರಡೂ ಕೆಟ್ಟಿದ್ದವು. ಹೆರಾಯಿನ್ ಚಟ, ಕುಡಿತ, ಎಲ್ಲ ಒಟ್ಟಿಗೆ. 'ಲವರ್ ಮ್ಯಾನ್' ನುಡಿಸುವಾಗ ಶುರುವಿಗೇ ತಡವರಿಸುತ್ತಾರೆ, ಉಸಿರು ತುಂಡಾಗುತ್ತದೆ. ಆ ರಾತ್ರಿಯೇ ಅವರ ಬಂಧನವಾಗಿ, ಮುಂದೆ ಕ್ಯಾಮರಿಲೋ ಮಾನಸಿಕ ಆಸ್ಪತ್ರೆಯಲ್ಲಿ ಸುಮಾರು ಆರು ತಿಂಗಳು ಕಳೆದರು. ಡಯಲ್ ಕಂಪನಿಯವರು ಆ ರೆಕಾರ್ಡನ್ನು ಮಾರಾಟಕ್ಕೆ ಬಿಟ್ಟರು, ಪಾರ್ಕರ್ ಅದನ್ನು ಕ್ಷಮಿಸಲಿಲ್ಲ. ಇದರಲ್ಲೇ ನಿಜವಾದ ನೋವಿದೆ, ಇದೇ ಶ್ರೇಷ್ಠ ಎನ್ನುವವರೂ ಇದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಕಲಾವಿದನ ಕಷ್ಟವನ್ನು ಚಪ್ಪರಿಸಿದ ಹಾಗಾಗುತ್ತದೆ. ಅವರೇ 1951ರಲ್ಲಿ ಅದೇ ಹಾಡನ್ನು ಮತ್ತೆ ನುಡಿಸಿದ್ದು ವರ್ವ್ ಪೆಟ್ಟಿಗೆಯಲ್ಲಿದೆ, ಮೊದಲು ಅದನ್ನು ಕೇಳಿ. ಆಮೇಲೆ ಬೇಕೆನಿಸಿದರೆ ಇದನ್ನು ಕೇಳಿ, ಬೇಡವೆಂದರೆ ಮುಂದಕ್ಕೆ ಹೋಗಿ. ಕೊಂಡದ್ದನ್ನೆಲ್ಲ ಕೇಳಲೇಬೇಕು ಎಂದೇನಿಲ್ಲ.

ಇನ್ನು ಅಮ್ಮನ ಕೊನೆಯ ಪ್ರಶ್ನೆ, 'ನಮ್ಮ ಸಂಗೀತ ಬಿಟ್ಟು?'

ದಕ್ಷಿಣ ಕನ್ನಡದ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೋಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಬೆಲ್ಜಿಯಂನವರು ಮಾಡಿದ ವಾದ್ಯ, ಅದರಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ಒದ್ದಾಡಿದರು. ಕೊನೆಗೆ ಕರ್ನಾಟಕ ಸಂಗೀತದ ಕಛೇರಿಯಲ್ಲಿ ಅದಕ್ಕೊಂದು ಜಾಗ ಮಾಡಿಕೊಟ್ಟರು. ಅತ್ತ ಅಮೆರಿಕದ ಕೊಲರಾಡೋದಲ್ಲಿ, ಕರ್ನಾಟಕ ಮೂಲದ ಭೌತಶಾಸ್ತ್ರ ಪ್ರಾಧ್ಯಾಪಕರೊಬ್ಬರ ಮಗ ರುದ್ರೇಶ್ ಮಹಾಂತಪ್ಪ ಪಾರ್ಕರ್ ಅವರನ್ನು ಕೇಳುತ್ತಾ ಆಲ್ಟೋ ಕಲಿಯುತ್ತಿದ್ದರು. ಭಾರತದ ಸಂಗೀತ ಅವರಿಗೆ ಹೆಚ್ಚು ಗೊತ್ತಿರಲಿಲ್ಲ, ಆದರೆ ಮುಖ ನೋಡಿದವರು ಗೊತ್ತಿರಲೇಬೇಕು ಎಂದುಕೊಳ್ಳುತ್ತಿದ್ದರು. ಈ ಅನುಭವ ನಿಮಗೂ ಇದೆಯಲ್ಲವೇ? ಕಾಲೇಜಿನ ದಿನಗಳಲ್ಲಿ ಅಣ್ಣ ತಮಾಷೆಗೆಂದು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್' ಎಂಬ ಆಲ್ಬಮ್ ತಂದುಕೊಟ್ಟ. ನುಡಿಸಿದವರು ಕದ್ರಿ. ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಮ್ ಮಾಡಿದರು. ಹೆಸರಿನ ಅರ್ಥ ನೆಂಟರು. ಅದಕ್ಕೂ ಮೊದಲು, 2004ರಲ್ಲಿ, ಮಹಾಂತಪ್ಪ 'ಮದರ್ ಟಂಗ್' ಮಾಡಿದ್ದರು. 'ನೀವು ಇಂಡಿಯನ್ ಭಾಷೆ ಮಾತಾಡ್ತೀರಾ?' ಎಂಬ ಪೆದ್ದು ಪ್ರಶ್ನೆಗೆ ಬೇರೆಬೇರೆ ಭಾಷೆಯವರು ಕೊಟ್ಟ ಉತ್ತರಗಳ ಏರಿಳಿತವನ್ನೇ ಸ್ವರಗಳಾಗಿ ಬರೆದುಕೊಂಡ ಆಲ್ಬಮ್ ಅದು. ಅದರಲ್ಲಿ ಒಂದು ರಚನೆಯ ಹೆಸರು 'ಕನ್ನಡ'.

ಅಂಥವರು 2015ರಲ್ಲಿ ಮತ್ತೆ ಪಾರ್ಕರ್ ಅವರ ಕಡೆಗೇ ತಿರುಗಿ 'ಬರ್ಡ್ ಕಾಲ್ಸ್' ಮಾಡಿದರು. ಪಾರ್ಕರ್ ಅವರ ಹಾಡುಗಳನ್ನು ಅದರಲ್ಲಿ ಹಾಗೆ ಹಾಗೇ ನುಡಿಸಿಲ್ಲ, ಅವುಗಳ ಎಳೆ ಹಿಡಿದು ಹೊಸದನ್ನು ನೇಯ್ದಿದ್ದಾರೆ. 'ತಾಲಿನ್ ಈಸ್ ಥಿಂಕಿಂಗ್' ಎಂಬ ರಚನೆಯ ಮೂಲ 1948ರ 'ಪಾರ್ಕರ್ಸ್ ಮೂಡ್', ಅದು ನಮ್ಮ ಎಂಟು ಸಿಡಿಯ ಪೆಟ್ಟಿಗೆಯಲ್ಲಿದೆ. ತಾಲಿನ್ ಎಂದರೆ ಅವರ ಮಗನ ಹೆಸರು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಅಮ್ಮನಿಗೆ ಕೇಳಿಸಿ. ನಮ್ಮದು ಯಾವುದು, ಅವರದು ಯಾವುದು ಎಂಬ ಚರ್ಚೆ ಬೇಕಿದ್ದರೆ ಆಮೇಲೆ ಇಟ್ಟುಕೊಳ್ಳೋಣ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಎಂಟೂ ಸಿಡಿ ಇವೆಯೇ, ಪುಸ್ತಿಕೆ ಇದೆಯೇ ಎಂದು ಎಣಿಸಿ ದುಡ್ಡು ಕೊಡಿ. ಮನೆಗೆ ತಂದ ಮೇಲೆ ಮೊದಲ ಸಿಡಿಯಿಂದ ಶುರು ಮಾಡಬೇಡಿ. 1947ರ ಅಕ್ಟೋಬರ್ 28ರ 'ಎಂಬ್ರೇಸಬಲ್ ಯೂ' ಹುಡುಕಿ. ಎರಡು ಟೇಕ್ ಇವೆ. ಒಂದೇ ದಿನ, ಅದೇ ಜನ, ಅದೇ ಹಾಡು. ಮೊದಲನೆಯದರಲ್ಲಿ ಆರು ಸ್ವರಗಳ ಒಂದು ಚಿಕ್ಕ ಮಾತು ಎತ್ತಿಕೊಂಡು ಅದನ್ನೇ ತಿರುಗಿಸಿ ಮುರುಗಿಸಿ ಬೆಳೆಸುತ್ತಾರೆ. ಎರಡನೆಯದರಲ್ಲಿ ಅದರ ಸುಳಿವೇ ಇಲ್ಲ, ಪೂರ್ತಿ ಬೇರೆ ದಾರಿ. ಯಾವುದು ಮೇಲು ಎಂದು ಪುಸ್ತಿಕೆಯಲ್ಲಿ ನೋಡುವ ಮೊದಲು ನೀವೇ ಎರಡೆರಡು ಸಲ ಕೇಳಿ.